ಟ್ಯೂಡರ್–ಸ್ಟುವರ್ಟ್ ವಂಶವೃಕ್ಷವನ್ನು ನಾನು ಬರೆದ ಬಗೆ

ಟ್ಯೂಡರ್, ಸ್ಟುವರ್ಟ್ ಇಂಗ್ಲೆಂಡನ್ನು ಒಂದರ ನಂತರ ಒಂದು ಆಳಿದ ರಾಜಮನೆತನಗಳು. ಮೊದಲ ಯತ್ನದಲ್ಲಿ, ಪಟ್ಟಕ್ಕೆ ಬಂದವರನ್ನಷ್ಟೇ ಒಬ್ಬರ ಕೆಳಗೊಬ್ಬರಂತೆ ಬರೆದಿದ್ದೆ. ಅದು ಕೆಲಸಕ್ಕೆ ಬರಲಿಲ್ಲ. 1603ರಲ್ಲಿ ಸ್ಕಾಟ್ಲೆಂಡ್‌ನ ಜೇಮ್ಸ್‌ಗೆ ಇಂಗ್ಲೆಂಡಿನ ಗದ್ದುಗೆ ಯಾಕೆ ಸಿಕ್ಕಿತು ಎಂದು ತೋರಿಸಲು ಅದರಲ್ಲಿ ಜಾಗವೇ ಇಲ್ಲ. ಹಾಗಾಗಿ ಮೊದಲ ಟ್ಯೂಡರ್ ದೊರೆ ಏಳನೇ ಹೆನ್ರಿಯ ಮಕ್ಕಳಿಂದ ಶುರು ಮಾಡಿದೆ. ಜೇಮ್ಸ್ ಅವರಲ್ಲಿ ಮಾರ್ಗರೆಟ್ ಕವಲಿನವನು. ಅಡ್ಡ ಇಟ್ಟ ಎ3 ಹಾಳೆಯ 42 ಸೆಂ.ಮೀ. ಅಗಲದಲ್ಲಿ ಎಡಕ್ಕೆ ಮಾರ್ಗರೆಟ್‌ಗೆ 20, ನಡುವೆ ಎಂಟನೇ ಹೆನ್ರಿಗೆ 10, ಬಲಕ್ಕೆ ತಂಗಿ ಮೇರಿಗೆ 12. 1502ರಲ್ಲೇ ತೀರಿಕೊಂಡ ಹಿರಿಯ ಮಗ ಆರ್ಥರ್‌ಗೆ ಒಂದು ಹೆಸರಿನಷ್ಟು ಜಾಗ ಸಾಕು.

ಶಾಯಿ ಮೂರು ಬಣ್ಣದ್ದಿರಲಿ: ರಕ್ತಸಂಬಂಧಕ್ಕೆ ಕಪ್ಪು, ಪಟ್ಟ ಯಾರಿಗೆಂದು ಹೇಳುವ ಕಾಯ್ದೆ ಮತ್ತು ಉಯಿಲಿಗೆ ಕೆಂಪು, ಡ್ಯೂಕ್ ಪದವಿಗೆ ನೀಲಿ. ಕಪ್ಪು, ಕೆಂಪು ಗೆರೆಗಳು ಎಲ್ಲಿ ಬೇರೆಯಾಗುತ್ತವೋ ಜಗಳ ಅಲ್ಲೇ. 1544ರ ಕಾಯ್ದೆ ಎಂಟನೇ ಹೆನ್ರಿಯ ಹೆಣ್ಣುಮಕ್ಕಳಾದ ಮೇರಿ, ಎಲಿಜಬೆತ್ ಇಬ್ಬರನ್ನೂ ಸಕ್ರಮ ಸಂತಾನವೆಂದು ಒಪ್ಪದೆಯೇ ಸಾಲಿನಲ್ಲಿ ನಿಲ್ಲಿಸಿತು. 1546ರ ಡಿಸೆಂಬರ್ 30ರ ಅವನ ಉಯಿಲು ಮಾರ್ಗರೆಟ್ ಕವಲನ್ನು ಬಿಟ್ಟು, ತಂಗಿ ಮೇರಿಯ ಮಗಳು ಫ್ರಾನ್ಸಿಸ್‌ಳ ಸಂತತಿಗೆ ಹಾದಿ ತೆರೆಯಿತು. ಕೆಂಪು ಗೆರೆ ಬಲಕ್ಕೆ ಓಡುತ್ತದೆ, 1603ರಲ್ಲಿ ಗೆದ್ದದ್ದು ಮಾತ್ರ ಎಡದ ಕಪ್ಪು ಗೆರೆ.

ಫ್ರಾನ್ಸಿಸ್‌ಳ ಮಗಳು ಜೇನ್ ಗ್ರೇಗೆ ಕೆಂಪು ಗೆರೆಯನ್ನು ತುಂಡುತುಂಡಾಗಿ ಎಳೆದೆ. ಎಂಟನೇ ಹೆನ್ರಿಯ ಮಗ ಆರನೇ ಎಡ್ವರ್ಡ್ ತನ್ನ ನಂತರದ ಪಟ್ಟದ ಬಗ್ಗೆ ಮೊದಲು ಬರೆದದ್ದು ‘ಜೇನ್‌ಳ ಗಂಡುಮಕ್ಕಳಿಗೆ’ ಎಂದು. ಸಾವು ಹತ್ತಿರ ಬಂತು, ಅಂಥ ಗಂಡುಮಗು ಹುಟ್ಟಿರಲಿಲ್ಲ. ಅದು ‘ಜೇನ್‌ಗೆ ಮತ್ತು ಆಕೆಯ ಗಂಡುಮಕ್ಕಳಿಗೆ’ ಎಂದಾಯಿತು. ವಿಭಕ್ತಿಯೊಂದು ಬದಲಾದಷ್ಟು ಸಣ್ಣ ತಿದ್ದುಪಡಿ! ಸಂಸತ್ತಿನ ಒಪ್ಪಿಗೆ ಮಾತ್ರ ಇರಲಿಲ್ಲ.

ಹೆಚ್ಚು ತಪ್ಪಾಗುವುದು ನೀಲಿಯಲ್ಲಿ. ‘ಸಫೋಕ್ ಡ್ಯೂಕ್’ ಎಂದಷ್ಟೇ ಬರೆಯಬೇಡಿ, ವ್ಯಕ್ತಿಯ ಹೆಸರು ಮತ್ತು ಪದವಿ ಸಿಕ್ಕ ವರ್ಷ ಜೊತೆಗಿರಲಿ. ಚಾರ್ಲ್ಸ್ ಬ್ರಾಂಡನ್‌ಗೆ ಅದು 1514ರಲ್ಲಿ ಸಿಕ್ಕಿತು. ಅವನ ಇಬ್ಬರು ಗಂಡುಮಕ್ಕಳು 1551ರಲ್ಲಿ ಬೆವರುಜ್ವರದಿಂದ ಒಂದೇ ದಿನ ಸತ್ತರು. ಅದೇ ವರ್ಷ ಅಳಿಯ ಹೆನ್ರಿ ಗ್ರೇಗೆ, ಅಂದರೆ ಜೇನ್‌ಳ ತಂದೆಗೆ, ಆ ಪದವಿಯನ್ನು ಹೊಸದಾಗಿ ಕೊಡಲಾಯಿತು. ಹಾಗಾಗಿ ಇಬ್ಬರ ನಡುವೆ ನೀಲಿ ಗೆರೆ ಎಳೆಯುವಂತಿಲ್ಲ. ನಾರ್ಫೋಕ್ ಡ್ಯೂಕ್ ಪದವಿ ಹಾಗಲ್ಲ. ಅಲ್ಲಿ ಕಿತ್ತುಕೊಂಡ ಪದವಿಯನ್ನೇ ಮರಳಿಸಿದ್ದು, ಆದ್ದರಿಂದ ಗೆರೆಯನ್ನು ತುಂಡರಿಸಿ ಮತ್ತೆ ಕೂಡಿಸಬೇಕು: 1547ರಲ್ಲಿ ಹೋದದ್ದು 1553ರಲ್ಲಿ ಬಂತು, ನಾಲ್ಕನೇ ಡ್ಯೂಕ್‌ನ ತಲೆ ಕಡಿದ 1572ರ ಹೊತ್ತಿಗೆ ಮತ್ತೆ ಹೋದದ್ದು 1660ರಲ್ಲಿ ಬಂತು. 1572ರಿಂದ 1623ರವರೆಗೆ ರಾಜಮನೆತನದ ಹೊರಗೆ ಇಂಗ್ಲೆಂಡಿನಲ್ಲಿ ಡ್ಯೂಕ್‌ಗಳೇ ಇರಲಿಲ್ಲ. ಆ ಖಾಲಿ ಜಾಗವನ್ನು ತುಂಬಲು ಹೋಗಬೇಡಿ.

ತಾರೀಖುಗಳ ವಿಷಯದಲ್ಲೂ ಎಚ್ಚರ ಬೇಕು. ನಮ್ಮ ಯುಗಾದಿಯಂತೆ ಆಗಿನ ಇಂಗ್ಲೆಂಡಿನವರ ವರ್ಷವೂ ಜನವರಿಯಲ್ಲಿ ಶುರುವಾಗುತ್ತಿರಲಿಲ್ಲ, ಮಾರ್ಚ್ 25ಕ್ಕೆ ಶುರು. ಎಲಿಜಬೆತ್ ತೀರಿಕೊಂಡ 1603ರ ಮಾರ್ಚ್ 24, ಅವರ ಲೆಕ್ಕದಲ್ಲಿ 1602ರ ಕೊನೆಯ ದಿನ. ಜನವರಿ 1ರಿಂದ ಮಾರ್ಚ್ 24ರವರೆಗಿನ ತಾರೀಖಿಗೆ ಎರಡೂ ವರ್ಷ ಬರೆಯುತ್ತೇನೆ. ಮೊದಲನೇ ಚಾರ್ಲ್ಸ್‌ನ ಮರಣದಂಡನೆ: ಜನವರಿ 30, 1648/49.

ಸ್ಟುವರ್ಟ್ ಭಾಗದಲ್ಲಿ ಮನ್ಮತ್ ಡ್ಯೂಕ್‌ಗೆ ಚುಕ್ಕಿಗೆರೆ. ಅವನು ಎರಡನೇ ಚಾರ್ಲ್ಸ್‌ನ ಮಗನೇ, ಆದರೆ ವಿವಾಹದ ಹೊರಗೆ ಹುಟ್ಟಿದವನು. ಮೊದಲನೇ ಚಾರ್ಲ್ಸ್‌ನ ಪಕ್ಕದಲ್ಲಿ ಅಕ್ಕ ಎಲಿಜಬೆತ್‌ಗೆ ಮೊದಲೇ ನಾಲ್ಕು ಬೆರಳಷ್ಟು ಜಾಗ ಬಿಡಿ. ರಾಣಿ ಆ್ಯನ್‌ಳ ಮಗ ಗ್ಲಾಸ್ಟರ್ ಡ್ಯೂಕ್ 1700ರಲ್ಲಿ, 11ನೇ ವಯಸ್ಸಿಗೇ ತೀರಿಕೊಂಡ ಮೇಲೆ, ಮುಂದಿನ ಪಟ್ಟ ಯಾರಿಗೆಂದು ಹೇಳಿದ 1701ರ ಕಾಯ್ದೆಯ ಕೆಂಪು ಗೆರೆ ಹೋಗುವುದು ಈ ಎಲಿಜಬೆತ್‌ಳ ಮಗಳು ಸೋಫಿಯಾಗೆ. ಆ ಜಾಗ ಬಿಡದೆ ನಾನು ಇಡೀ ಹಾಳೆಯನ್ನು ಮತ್ತೆ ಬರೆಯಬೇಕಾಯಿತು.