ಮೇಕೆ ಗುಂಡಿಗೆ, ತುಂಗೆಯ ಮರಳು, ಒಂದು ನೀಲಿ ಟ್ಯೂಬ್: ನನ್ನ ಅನುಭವ

ಮೂರು ಮಳೆಗಾಲ ಬೇಕಾಯಿತು. ಕಳೆದ ಆಗಸ್ಟ್‌ನಲ್ಲಿ ನಮ್ಮ ಲ್ಯಾಬಿನಲ್ಲಿ ಡಿಸಿಪಿಐಪಿ ಎಂಬ ಬಣ್ಣದ ನೀಲಿ ಕಣ್ಣೆದುರೇ ಇಳಿಯಿತು. ಎಲೆಕ್ಟ್ರಾನ್ ಸಿಕ್ಕರೆ ಅದರ ಬಣ್ಣ ಹೋಗುತ್ತದೆ. ನಾಲ್ಕೈದು ನಿಮಿಷಕ್ಕೆ ಟ್ಯೂಬ್ ತಿಳಿಯಾಯಿತು. ಪಕ್ಕದಲ್ಲಿ, ಕುದಿಸಿ ಕಿಣ್ವ ಕೆಡಿಸಿಟ್ಟ ಟ್ಯೂಬ್ ಹಾಗೇ ನೀಲಿ. ಸಕ್ಸಿನೇಟ್ ಡಿಹೈಡ್ರೋಜಿನೇಸ್, ಅಂದರೆ ಜೀವಕೋಶದ ಉಸಿರಾಟದಲ್ಲಿ ಸಕ್ಸಿನೇಟ್ ಎಂಬ ವಸ್ತುವಿನಿಂದ ಎಲೆಕ್ಟ್ರಾನ್ ತೆಗೆಯುವ ಕಿಣ್ವ, ಶಿವಮೊಗ್ಗದ ಒಂದು ಪದವಿ ಕಾಲೇಜಿನಲ್ಲಿ ಕೆಲಸ ಮಾಡಿತ್ತು. ಕೋಲ್ಡ್ ಸೆಂಟ್ರಿಫ್ಯೂಜ್ (ತಣ್ಣಗಿಟ್ಟೇ ವೇಗವಾಗಿ ತಿರುಗಿಸಿ ಬೇರ್ಪಡಿಸುವ ಯಂತ್ರ) ಇಲ್ಲದೆ!

"ಅದೆಲ್ಲ ಯೂನಿವರ್ಸಿಟಿಯವರ ಕೆಲಸ ಸರ್, ಸುಮ್ನೆ ದುಡ್ಡು ಹಾಳು" ಎಂದವರು ಒಬ್ಬಿಬ್ಬರಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಎಲ್ಲರ ಹಾಗೆ ಹೂಕೋಸಿನಿಂದ ಶುರು ಮಾಡಿದೆ. 0.25 ಮೋಲಾರ್ ಸಕ್ಕರೆ ದ್ರಾವಣ, ಐಸ್ ಮೇಲೆ ಅರೆಯುವುದು, ಸೋಸುವುದು, ತಿರುಗಿಸುವುದು. ನಮ್ಮ ಸೆಂಟ್ರಿಫ್ಯೂಜ್ 4000 ಆರ್‌ಪಿಎಂಗೆ ನಿಲ್ಲುತ್ತದೆ. ನಮ್ಮ ರೋಟರಿನಲ್ಲಿ ಅದು ಸುಮಾರು 1800 ಜಿ, ಅಂದರೆ ಭೂಮಿಯ ಸೆಳೆತದ 1800 ಪಟ್ಟು. ಈ ಕಿಣ್ವ ಇರುವುದು ಜೀವಕೋಶದ ಶಕ್ತಿ ಕೇಂದ್ರವಾದ ಮೈಟೋಕಾಂಡ್ರಿಯಾದಲ್ಲಿ. ಅದು ಇಳಿಯಲು ಎಂಟು–ಹತ್ತು ಸಾವಿರ ಜಿ ಬೇಕು. ಒಂದು ಗಂಟೆ ಓಡಿಸಿದರೂ ತಳದಲ್ಲಿ ತೆಳ್ಳಗೆ ಸವರಿದಂತೆ ಏನೋ ಒಂದಿಷ್ಟು, ಟ್ಯೂಬ್ ಮಾತ್ರ ಬೆಚ್ಚಗೆ. ಕೋಲ್ಡ್ ಸೆಂಟ್ರಿಫ್ಯೂಜಿಗೆ ಕೊಟೇಶನ್ ತರಿಸಿದೆ. ನಾಲ್ಕು ಲಕ್ಷದ ಹತ್ತಿರ. ಮಾತು ಅಲ್ಲಿಗೇ ನಿಂತಿತು.

ನಡುವೆ ಅಡಿಕೆ ಸಸಿಯ ಎಳೆ ಬೇರಿನಲ್ಲೂ ಮಾಡಿ ನೋಡಿದೆ. ಮಲೆನಾಡಿನವರಿಗೆ ಅಡಿಕೆ ಬಿಟ್ಟು ಇರಲಾಗುವುದಿಲ್ಲ ಅಲ್ವಾ. ಅರೆಯುತ್ತಿದ್ದಂತೆ ಕಂದು ಬಣ್ಣಕ್ಕೆ ತಿರುಗಿತು. ಅದರ ಒಗರು ಪ್ರೋಟೀನನ್ನೆಲ್ಲ ಹಿಡಿದು ಗಂಟು ಕಟ್ಟಿಬಿಡುತ್ತದೆ. ಒಗರನ್ನು ಹಿಡಿದಿಡುವ ಪಿವಿಪಿ ಪುಡಿ ಹಾಕಿದಾಗ ಬಣ್ಣ ಸ್ವಲ್ಪ ತಗ್ಗಿತು, ಕಿಣ್ವ ಮಾತ್ರ ಏಳಲಿಲ್ಲ. ಒಂದು ತಿಂಗಳು ಹೋಯಿತು.

ದಾರಿ ಸಿಕ್ಕಿದ್ದು ಹಳೆಯವರಿಂದ. ಕೇಂಬ್ರಿಜ್‌ನಲ್ಲಿ ಕೀಲಿನ್ ಮತ್ತು ಹಾರ್ಟ್ರೀ ಎಂಬ ವಿಜ್ಞಾನಿಗಳು ಹೃದಯದ ಮಾಂಸವನ್ನು ಮರಳಿನ ಜೊತೆ ಅರೆದು, ಆಮ್ಲದಿಂದ ಇಳಿಸಿ ಕೆಲಸ ಮಾಡಿದ್ದರು. ಈ ಕಿಣ್ವದ ರಚನೆ ನೆನೆದರೆ ಅದು ಯಾಕೆ ಸಾಕು ಅಂತ ಗೊತ್ತಾಗುತ್ತದೆ. ಇದು ನಾಲ್ಕು ತುಂಡಿನ ಕಿಣ್ವ. ಎಫ್‌ಎಡಿ ಎಂಬ ಎಲೆಕ್ಟ್ರಾನ್ ಹಿಡಿಯುವ ಅಣುವನ್ನು ಹೊತ್ತ ದೊಡ್ಡ ತುಂಡು, ಅದಕ್ಕಂಟಿ ಮೂರು ಕಬ್ಬಿಣ-ಗಂಧಕದ ಗೊಂಚಲಿರುವ ಇನ್ನೊಂದು. ಉಳಿದೆರಡು ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ ಗೂಟ ಹೊಡೆದಂತೆ ಕೂತಿವೆ. ಸಕ್ಸಿನೇಟ್‌ನಿಂದ ತೆಗೆದ ಎಲೆಕ್ಟ್ರಾನ್ ಎಫ್‌ಎಡಿಯಿಂದ ಗೊಂಚಲಿಗೆ, ಗೊಂಚಲಿನಿಂದ ಗೊಂಚಲಿಗೆ, ಕೊನೆಗೆ ಪೊರೆಯಲ್ಲಿರುವ, ಎಲೆಕ್ಟ್ರಾನ್ ಸಾಗಿಸುವ ಯುಬಿಕ್ವಿನೋನ್ ಎಂಬ ಅಣುವಿಗೆ. ಇದು ಪೊರೆಯಾಚೆ ಪ್ರೋಟಾನ್ ಪಂಪು ಮಾಡುವುದೂ ಇಲ್ಲ. ಹಾಗಾಗಿ ಇಡೀ ಮೈಟೋಕಾಂಡ್ರಿಯಾ ಯಾಕೆ ಬೇಕು? ಹರಿದ ಪೊರೆಯ ಚೂರು ಸಾಕು. ಪಿಎಚ್ 5.5ರ ಹತ್ತಿರ ಆ ಚೂರುಗಳು ಒಂದಕ್ಕೊಂದು ಅಂಟಿ, ಮೊಸರಿನ ಹಾಗೆ ಗಟ್ಟಿಯಾಗಿ, 4000ಕ್ಕೇ ಕೆಳಗಿಳಿಯುತ್ತವೆ.

ಬೆಳಿಗ್ಗೆ ಆರಕ್ಕೆ ಮಾಂಸದ ಅಂಗಡಿಗೆ ಹೋಗುತ್ತಿದ್ದೆ. "ಮೇಷ್ಟ್ರೇ, ಗುಂಡಿಗೆ ತೆಗೆದಿಟ್ಟಿದ್ದೀನಿ, ಬಿಸಿ ಆರಿಲ್ಲ" ಅನ್ನುತ್ತಿದ್ದರು ಭಾಯ್. ಮೊದಲು 60 ರೂಪಾಯಿ ತೆಗೆದುಕೊಂಡರು, ಆಮೇಲೆ ದುಡ್ಡೇ ಬೇಡ ಅಂದರು. ಐಸ್ ಮೀನು ಮಾರ್ಕೆಟ್ಟಿನಿಂದ, ಥರ್ಮೋಕೋಲ್ ಡಬ್ಬಿಯಲ್ಲಿ. ಮೇಲೆ ಹರಳುಪ್ಪು ಉದುರಿಸಿದರೆ ಇನ್ನೂ ತಣ್ಣಗಾಗುತ್ತದೆ. ಮರಳು ತುಂಗೆಯದೇ, ಆಮ್ಲದಲ್ಲಿ ನೆನೆಸಿ, ಹತ್ತಾರು ನೀರು ತೊಳೆದಿದ್ದು.

ಕೊಬ್ಬು, ನಾರು ತೆಗೆದು ಸಣ್ಣಗೆ ಕೊಚ್ಚಿ, ತಣ್ಣೀರಿನಲ್ಲಿ ಕೆಂಪು ಹೋಗುವವರೆಗೆ ತೊಳೆಯಿರಿ. ನಾನು ಮೊದಲೆರಡು ಸಲ ಅವಸರ ಮಾಡಿದೆ. ರಕ್ತದ ಬಣ್ಣ ಉಳಿದು ರೀಡಿಂಗ್ ಎಲ್ಲ ಕೆಟ್ಟಿತು. ಆರೇಳು ನೀರಾದರೂ ಬೇಕು. ಹಿಂಡಿ, ಫಾಸ್ಫೇಟ್ ಬಫರ್ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ) ಹಾಕಿ, ಮರಳಿನ ಜೊತೆ ಅರೆದು, ಮರಳು ಕೂರಿಸಿದರೆ ಹಾಲಿನಂಥ ನೀರು ಸಿಗುತ್ತದೆ. ಅದಕ್ಕೆ ತಣ್ಣನೆ ಅಸಿಟಿಕ್ ಆಮ್ಲ ಹನಿಹನಿಯಾಗಿ. ಪಿಎಚ್ ಪೇಪರ್ ನಂಬಿ ನಾನು 4.8ಕ್ಕೆ ಇಳಿಸಿಬಿಟ್ಟಿದ್ದೆ. ಆ ದಿನದ ಮಾಲೆಲ್ಲ ಚರಂಡಿಗೆ. ಮೀಟರನ್ನೇ ಬಳಸಿ. ಇಳಿದದ್ದನ್ನು ತಡಮಾಡದೆ 7.4ರ ಬಫರಿಗೆ ಹಾಕಿ.

ಇಷ್ಟಾದರೂ ಕಿಣ್ವ ಏಳಲಿಲ್ಲ. ಹತ್ತು ನಿಮಿಷ ನೋಡಿದರೂ ನೀಲಿ ಅಲ್ಲಾಡುತ್ತಿರಲಿಲ್ಲ. "ಸತ್ತಿದೆ ಬಿಡಿ" ಎಂದರು ಸಹೋದ್ಯೋಗಿಯೊಬ್ಬರು. ಜುಲೈನಲ್ಲಿ ಒಂದು ಮಧ್ಯಾಹ್ನ, ಹಾಗೇ ನೋಡುತ್ತಿರುವಾಗ ಕರೆಂಟ್ ಹೋಯಿತು. ಹೊರಗೆ ಹುಚ್ಚು ಮಳೆ. ಟ್ಯೂಬ್ ಅಲ್ಲೇ ಬಿಟ್ಟು ಚಹಾಕ್ಕೆ ಹೋದೆವು. ಮುಕ್ಕಾಲು ಗಂಟೆ ಬಿಟ್ಟು ಬಂದರೆ ಟ್ಯೂಬ್ ಬಣ್ಣವಿಲ್ಲದೆ ನಿಂತಿತ್ತು.

ಅದು ಸತ್ತಿರಲಿಲ್ಲ, ಮಲಗಿತ್ತು. ಜೀವಕೋಶದಲ್ಲೇ ಇರುವ ಆಕ್ಸಲೋಅಸಿಟೇಟ್ ಎಂಬ ವಸ್ತು, ಸಕ್ಸಿನೇಟ್ ಕೂರಬೇಕಾದ ಅದರ ಬಾಯಿಗೆ ಅಂಟಿ ಕೂತಿರುತ್ತದೆ, ಬೇಗ ಬಿಡುವುದಿಲ್ಲ. ಸಕ್ಸಿನೇಟ್ ಜೊತೆ ಬೆಚ್ಚಗಿಟ್ಟರೆ ಮೆಲ್ಲಗೆ ಬಿಡುತ್ತದೆ. ಮಳೆಗಾಲದಲ್ಲಿ ನಮ್ಮ ಲ್ಯಾಬ್ 22–23 ಡಿಗ್ರಿ, ಅದಕ್ಕೇ ಅಷ್ಟು ತಡ. ಈಗ ಮೊದಲು 20 ಮಿಲಿಮೋಲಾರ್ ಸಕ್ಸಿನೇಟ್ ಕೊಟ್ಟು, 30 ಡಿಗ್ರಿ ನೀರಿನಲ್ಲಿ ಕಾಲು ಗಂಟೆ ಇಟ್ಟು, ಆಮೇಲೆ ಎಲೆಕ್ಟ್ರಾನ್ ಆಮ್ಲಜನಕಕ್ಕೆ ಹೋಗದಂತೆ ತಡೆಯುವ ಅಜೈಡ್, ಕಿಣ್ವದಿಂದ ಬಣ್ಣಕ್ಕೆ ಎಲೆಕ್ಟ್ರಾನ್ ದಾಟಿಸುವ ಪಿಎಂಎಸ್, ಕೊನೆಗೆ ಡಿಸಿಪಿಐಪಿ ಹಾಕುತ್ತೇನೆ. ನೀಲಿ ಎಷ್ಟಿದೆ ಎಂದು ತೋರಿಸುವ ರೀಡಿಂಗ್ 0.60ರ ಆಸುಪಾಸಿನಲ್ಲಿ ಶುರುವಾಗಿ ನಾಲ್ಕು ನಿಮಿಷಕ್ಕೆ 0.15ಕ್ಕೆ ಬರುತ್ತದೆ. ಅಜೈಡ್‌ಗೆ ಆಮ್ಲ ತಾಗಿಸಬೇಡಿ, ಸಿಂಕಿಗೂ ಸುರಿಯಬೇಡಿ.

ಮೆಲೋನೇಟ್ ಹಾಕಿ ನೋಡಿ. ಸಕ್ಸಿನೇಟ್‌ಗಿಂತ ಒಂದೇ ಕಾರ್ಬನ್ ಕಡಿಮೆ, ಅದೇ ಜಾಗಕ್ಕೆ ಹೋಗಿ ಕೂರುತ್ತದೆ, ಆದರೆ ಮುಂದಿನ ಕೆಲಸ ಆಗುವುದಿಲ್ಲ. ನೀಲಿ ನಿಲ್ಲುತ್ತದೆ. ಸಕ್ಸಿನೇಟ್ ಜಾಸ್ತಿ ಮಾಡಿದರೆ ಮತ್ತೆ ಇಳಿಯುತ್ತದೆ. ಹುಡುಗರಿಗೆ ಪೈಪೋಟಿ ಅಂದರೇನು ಅಂತ ಬೋರ್ಡಿನಲ್ಲಿ ಬರೆಯುವುದನ್ನು ನಾನು ಬಿಟ್ಟೇಬಿಟ್ಟೆ.

ಇದೇ ಹುಚ್ಚಿನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಮೊದಲ ಮಳೆಗೆ ಎದ್ದ ಸುವರ್ಣಗೆಡ್ಡೆ ಹೂವಿಗೆ ರಾತ್ರಿ ಥರ್ಮಾಮೀಟರ್ ಚುಚ್ಚಿದೆ. ಸತ್ತ ಇಲಿಯ ವಾಸನೆ. ಸುತ್ತಲಿನ ಗಾಳಿಗಿಂತ ಮೂರು ಡಿಗ್ರಿ ಜಾಸ್ತಿ ಬಿಸಿ! ಅಲ್ಲಿ ಯುಬಿಕ್ವಿನೋನ್‌ನಿಂದ ಎಲೆಕ್ಟ್ರಾನ್ ಆಕ್ಸಿಡೇಸ್ ಎಂಬ ಬೇರೊಂದು ಕಿಣ್ವದ ಮೂಲಕ ನೇರ ಆಮ್ಲಜನಕಕ್ಕೆ ಹೋಗುತ್ತದೆ, ಶಕ್ತಿಯೆಲ್ಲ ಬಿಸಿಯಾಗಿ ಹೊರಬೀಳುತ್ತದೆ. ಮುಂದಿನ ಸಲ ಆ ಹೂವನ್ನೇ ಅರೆಯಬೇಕು ಅಂತಿದ್ದೇನೆ.

ಖರ್ಚು ಕೇಳುತ್ತೀರಿ. ಮೂರು ವರ್ಷಕ್ಕೆ ನನ್ನ ಜೇಬಿನಿಂದ 11–12 ಸಾವಿರ. ಅದರಲ್ಲಿ ಪಿಎಂಎಸ್‌ಗೇ ಸುಮಾರು ನಾಲ್ಕು ಸಾವಿರ. ಮೊದಲ ಬಾಟಲಿಯ ದ್ರಾವಣವನ್ನು ಕಿಟಕಿ ಪಕ್ಕ ಇಟ್ಟು ಬೆಳಕಿಗೆ ಕೆಡಿಸಿದೆ. ಈಗ ಕಪ್ಪು ಕಾಗದ ಸುತ್ತಿ ಫ್ರಿಜ್‌ನಲ್ಲಿಡುತ್ತೇನೆ. ಒಂದು ಗುಂಡಿಗೆಯಲ್ಲಿ ಇಡೀ ಬ್ಯಾಚ್‌ಗೆ ಸಾಕಾಗುವಷ್ಟು ಮಾಲು ಬರುತ್ತದೆ. ಮರಳಿನ ಅಳತೆ ಮತ್ತು ಕೊನೆಯ ಬಫರಿಗೆ ನಾನು ಸೇರಿಸುವ ಒಂದು ವಸ್ತು, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಲ್ಯಾಬಿಗೆ ಬಂದವರಿಗೆ ಕೈಯಾರೆ ತೋರಿಸುತ್ತೇನೆ.

ಉಳಿದ ಗಟ್ಟಿ ಮಾಲನ್ನು ಎಸೆಯಬೇಡಿ. ಫಿಸಿಕ್ಸ್‌ನವರ ಬೀರುವಿನಲ್ಲಿ ಒಂದು ಕೈ ಸ್ಪೆಕ್ಟ್ರೋಸ್ಕೋಪ್ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣ) ಧೂಳು ತಿನ್ನುತ್ತಿತ್ತು. ಅಜೈಡ್ ಇಲ್ಲದ ಟ್ಯೂಬಿಗೆ ಸಕ್ಸಿನೇಟ್ ಹಾಕಿ, ಅಲ್ಲಾಡಿಸದೆ, ಹಿಂದೆ ಬಲ್ಬ್ ಇಟ್ಟು ನೋಡಿದೆವು. ಎರಡು ನಿಮಿಷಕ್ಕೆ ಕಪ್ಪು ಗೆರೆಗಳು ಮೂಡಿದವು. 605 ನ್ಯಾನೋಮೀಟರ್ ಹತ್ತಿರ ಒಂದು ಸ್ಪಷ್ಟವಾಗಿ, 550–560ರ ಕಡೆಯವು ಅಂಟಿಕೊಂಡಂತೆ. 1925ರಲ್ಲಿ ಕೀಲಿನ್ ಕಂಡ ಸೈಟೋಕ್ರೋಮ್‌ಗಳು ಅವು, ಎಲೆಕ್ಟ್ರಾನನ್ನು ಆಮ್ಲಜನಕದವರೆಗೆ ಸಾಗಿಸುವ ಪ್ರೋಟೀನುಗಳು. ಎಲೆಕ್ಟ್ರಾನ್ ತುಂಬಿಕೊಂಡಾಗ ಗೆರೆ ಕಾಣುತ್ತದೆ, ಆಮ್ಲಜನಕಕ್ಕೆ ಕೊಟ್ಟಾಗ ಹೋಗುತ್ತದೆ. ಎರಡನೇ ವರ್ಷದ ಹುಡುಗಿಯೊಬ್ಬಳು ಟ್ಯೂಬ್ ಕಿತ್ತುಕೊಂಡು ಜೋರಾಗಿ ಕುಲುಕಿದಳು. ಗಾಳಿ ಸೇರಿತು, ಗೆರೆಗಳು ಮಾಯ. ಕೆಳಗಿಟ್ಟು ಕಾದಳು. ಮತ್ತೆ ಬಂದವು. "ಸರ್, ಉಸಿರಾಡ್ತಿದೆ" ಅಂದಳು. ಸಂಜೆ ಆರಾದರೂ ಯಾರೂ ಮನೆಗೆ ಹೊರಡಲಿಲ್ಲ.