ರೇಟು ಹಾಕಲಾರದ ಆಡ್ ನಾ ಬಿಡಂಗಿಲ್ಲ

ಗಂಗಾವತ್ಯಾಗ ಹಳೆ ಬೈಕಿನ ಹುಚ್ಚು ಹಿಡಿದೋರದ್ದು ಒಂದು ವಾಟ್ಸಾಪ್ ಗ್ರೂಪ್ ಐತ್ರಿ, ಆರ್‌ಎಕ್ಸ್ 100, ಯೆಜ್ಡಿ, ಹಳೆ ಬುಲೆಟ್ ಇಂಥವು, ಅದಕ್ಕ ಆರು ವರ್ಷದಿಂದ ನಾನೂ ಒಬ್ಬ ಅಡ್ಮಿನ್. ಅಡ್ಮಿನ್ ಅಂದ್ರ ಗುಡ್ ಮಾರ್ನಿಂಗ್ ಫೋಟೋ ಡಿಲೀಟ್ ಹೊಡಿಯೋದು, ಎಲೆಕ್ಷನ್ ಟೈಮಿನಾಗ ಪಾರ್ಟಿ ವಿಡಿಯೋ ಹಾಕೋರಿಗೆ 'ಯಣ್ಣಾ ಇಲ್ಲಿ ಬ್ಯಾಡೋ' ಅನ್ನೋದು ಇಷ್ಟೇ ಅನ್ಕೊಂಡಿದ್ದೆ. ಅವೆಲ್ಲ ಬಿಡ್ರಿ, ತಲಿ ತಿನ್ನೋದು ಗಾಡಿ ಮಾರಾಟದ ಆಡ್, ಅಂದ್ರ ಜಾಹೀರಾತು.

ಆರ್‌ಎಕ್ಸ್ 100 ತಯಾರಾಗೋದು 1996ಕ್ಕ ನಿಂತೋತು, ಇರೋವಷ್ಟೇ ಗಾಡಿ, ಹಿಂಗಾಗಿ ರೇಟಿಗೆ ತಳ ಇಲ್ಲ ಬುಡ ಇಲ್ಲ. 'ರೇಟ್ ಇನ್‌ಬಾಕ್ಸ್' ಅಂತ ಹಾಕ್ತಾರ, ಇಪ್ಪತ್ತು ಮಂದಿ 'ಎಷ್ಟಣ್ಣಾ, ಎಷ್ಟಣ್ಣಾ' ಅಂತಾರ, ಅವ ಒಬ್ಬೊಬ್ಬರಿಗೆ ಒಂದೊಂದು ಹೇಳ್ತಾನ. ಅದಕ್ಕ ಆಡ್ ಮೊದ್ಲು ಅಡ್ಮಿನ್‌ಗೆ ಕಳಿಸ್ಬೇಕು, ರೇಟು, ಊರು, ಮಾಡೆಲ್ ವರ್ಷ, ಕಾಗದ ಹೆಂಗದಾವ ಅನ್ನೋದು, ನಾಲ್ಕೂ ಇದ್ರನ ನಾವು ಗ್ರೂಪಿಗೆ ಹಾಕೋದು ಅಂತ ಮಾಡಿದ್ವಿ. ಕಾಗದ ಅಂದ್ರ ಸುಮ್ನ ಅಲ್ಲ, 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕ ರಿಜಿಸ್ಟ್ರೇಷನ್ ರಿನೀವಲ್ ಆಗಿರ್ಬೇಕು. ಆಂಧ್ರದ ಆದೋನಿ ಕಡಿಂದ ಬರೋ ಎಪಿ ನಂಬರಿನವು ಅಗ್ಗ ಕಾಣ್ತಾವ ಖರೆ, ಆದ್ರ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ) ತಂದು ಇಲ್ಲಿ ಟ್ಯಾಕ್ಸ್ ಕಟ್ಟಿ ನಮ್ಮ ಕೊಪ್ಪಳದ ಕೆಎ 37 ನಂಬರ್ ಮಾಡಿಸೋತನಕ ಚಪ್ಪಲಿ ಸವಿತಾವ.

ಎಲ್ಲಾ ನೋಡಿ ಕೆಳಗ 'ಅಡ್ಮಿನ್ ಓಕೆ' ಅಂತ ಬರೀತಿದ್ದೆ. ಅದೇ ನನ್ ಕುತ್ತಿಗಿಗೆ ಬಂತು.

ನಮ್ಮ ಓಣಿಯವ್ರೇ ಒಬ್ಬರು, ಮಾಮಾ ಅಂತೀನಿ, ಆರ್‌ಎಕ್ಸ್ ಮಾರಾಕ ಇಟ್ರು. ಇಂಜಿನ್ ನಂಬರ್ ಫೋಟೋ ಕೇಳಿದ್ರ 'ಲೇ, ನನ್ನ ಮ್ಯಾಲೂ ನಂಬಿಕಿಲ್ಲೇನೋ' ಅಂದ್ರು, ನನಗೂ ಮುಜುಗರ ಆತು, ಬಿಟ್ಟೆ. ಸಿಂಧನೂರಿನ ಹುಡುಗ ತಗೊಂಡ. ಹೆಸರಿಗೆ ಮಾಡ್ಸಾಕ ಹೋದ್ರ ಚಾಸಿ ನಂಬರು ಆರ್‌ಸಿಗೆ ಕೂಡ್ತು, ಇಂಜಿನ್ ನಂಬರು ಕೂಡ್ಲಿಲ್ಲ, ಅದು ಬ್ಯಾರೆ ಗಾಡೀದು, ಯಾವಾಗ್ಲೋ ಯಾರೋ ಹಾಕ್ಸಿದ್ದು, ಮಾಮಾಗೂ ಗೊತ್ತಿರ್ಲಿಲ್ಲಂತ. ಹುಡುಗ ಮಾಮಾಗ ಫೋನ್ ಮಾಡ್ಲಿಲ್ಲ, ನನಗ ಮಾಡ್ದ. 'ಅಣ್ಣಾ, ನೀವು ಓಕೆ ಅಂದಿದ್ರಲ್ರೀ, ಅದಕ್ಕ ನಾ ನೋಡ್ಲೇ ಇಲ್ಲ.' ಏನ್ ಹೇಳ್ಲಿ? ಮೂರು ವಾರ ಇಬ್ಬರ ನಡುವೆ ಓಡಾಡಿ, ಗಾಡಿ ವಾಪಸ್ ಕೊಡ್ಸಿ ದುಡ್ಡು ಕಂತಿನ ಮ್ಯಾಲೆ ಕೊಡ್ಸಿದೆ.

ಅವತ್ತಿಂದ 'ಓಕೆ' ಬರಿಯೋದು ಬಂದ್. ಈಗ 'ಅಡ್ಮಿನ್ ಆಡ್ ನೋಡ್ಯಾನ, ಗಾಡಿ ನೋಡಿಲ್ಲ' ಅಂತ ಹಾಕ್ತೀನಿ, ಮಂದಿ ನಗ್ತಾರ, ನಗ್ಲಿ. ಇಂಜಿನ್ ನಂಬರು, ಚಾಸಿ ನಂಬರಿನ ಫೋಟೋ, ಬಾಜೂಕ ಅವತ್ತಿನ ತಾರೀಖು ಬರೆದ ಚೀಟಿ, ಯಾರೇ ಆಗ್ಲಿ ಕಳಿಸ್ಬೇಕು. ಆರ್‌ಸಿ ಮಾತ್ರ ಗ್ರೂಪಿಗೆ ಹಾಕಂಗಿಲ್ಲ, ಮೊದ್ಲು ಹಾಕ್ಸ್ತಿದ್ವಿ, ಆ ಫೋಟೋ ಯಾವನೋ ಕದ್ದು 'ಮಿಲ್ಟ್ರಿಯವ, ಟ್ರಾನ್ಸ್‌ಫರ್ ಆಗೇತಿ, ಅರ್ಜೆಂಟ್' ಅಂತ ಬ್ಯಾರೆ ಕಡೆ ಆಡ್ ಹಾಕಿ ಅಡ್ವಾನ್ಸ್ ನುಂಗಿದ, ಬೈಗುಳ ತಿಂದವ ಖರೇ ಮಾಲಕ. ದುಡ್ಡು ಹಾಕಿಸ್ಕೊಳ್ಳಾಕ ಯುಪಿಐ ಪಿನ್ ಒತ್ತೋದು ಬೇಕಾಗಿಲ್ಲ, ಮೋಸ ಆದ್ರ ತಡ ಮಾಡ್ದ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ರಿ, ಇದನ್ನ ಪಿನ್ ಮಾಡಿ ಮ್ಯಾಲೇ ಇಟ್ಟೀನಿ, ಆದ್ರೂ ತಿಂಗಳಿಗೊಬ್ಬ ಕೇಳ್ತಾನ.

ಮಾಮಾ ಸಿಟ್ಟಾಗಿ ಗ್ರೂಪ್ ಬಿಟ್ಟಿದ್ರು. ಮೊನ್ನೆ ಅಳಿಯನ ನಂಬರಿಂದ ಯೆಜ್ಡಿ ಆಡ್ ಕಳ್ಸ್ಯಾರ, ಇಂಜಿನ್ ನಂಬರು ಐತಿ, ಚೀಟಿ ಐತಿ, ಎಲ್ಲಾ ಐತಿ, ರೇಟು ಒಂದ್ ಬಿಟ್ಟು. ವಾಪಸ್ ಕಳ್ಸೀನಿ.