ಡಬಲ್‌ಕಾರ್ಟಿನ್ ಇಲ್ಲದ ನರಕೋಶ ಎಲ್ಲಿ ನಿಲ್ಲುತ್ತದೆ? ನನ್ನ ಅನುಭವ

ನಮ್ಮ ಮೆದುಳಿನ ಹೊರಪದರದ ಹೆಚ್ಚಿನ ನರಕೋಶಗಳು ಹುಟ್ಟುವುದು ಒಂದು ಕಡೆ, ನೆಲೆಸುವುದು ಇನ್ನೊಂದು ಕಡೆ. ಭ್ರೂಣದಲ್ಲಿ ಅವು ಒಳಗಿನ ದ್ರವ ತುಂಬಿದ ಕುಹರದ ಪಕ್ಕ ಹುಟ್ಟಿ, ಮೇಲಕ್ಕೆ ಹತ್ತಿ ತಮ್ಮ ಪದರ ಸೇರುತ್ತವೆ. ಮೊದಲು ಹೋದವು ಕೆಳಗೆ ನಿಲ್ಲುತ್ತವೆ, ಆಮೇಲೆ ಬಂದವು ಅವುಗಳನ್ನು ದಾಟಿ ಮೇಲೆ ಹೋಗುತ್ತವೆ. ಈ ಹತ್ತಾಟಕ್ಕೆ ಬೇಕಾದ ಪ್ರೋಟೀನ್‌ಗಳಲ್ಲಿ ಡಬಲ್‌ಕಾರ್ಟಿನ್ ಒಂದು. ಕೋಶಕ್ಕೆ ಎಲುಬಿನಂತಿರುವ ಮೈಕ್ರೋಟ್ಯೂಬ್ಯೂಲ್‌ಗಳಿಗೆ ಅದು ಅಂಟಿಕೊಂಡು ಅವನ್ನು ಗಟ್ಟಿಯಾಗಿ ಹಿಡಿದಿಡುತ್ತದೆ.

ಇದರ ಜೀನ್ 1998ರಲ್ಲಿ ಸಿಕ್ಕಿತು. ಅದು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹಾಗಾಗಿ ಜೀನ್ ಕೆಟ್ಟರೆ ಗಂಡುಮಕ್ಕಳಲ್ಲಿ ಸಾಮಾನ್ಯವಾಗಿ ಮೆದುಳು ಮಡಿಕೆಗಳಿಲ್ಲದೆ ನುಣುಪಾಗಿ ಬೆಳೆಯುತ್ತದೆ. ಹೆಣ್ಣುಮಕ್ಕಳಲ್ಲಿ ಪ್ರತಿ ಕೋಶದಲ್ಲೂ ಎರಡರಲ್ಲಿ ಒಂದು ಎಕ್ಸ್ ಮಾತ್ರ ಕೆಲಸ ಮಾಡುತ್ತದೆ, ಅಲ್ವಾ? ಅದಕ್ಕೇ ಕೆಲವು ಕೋಶಗಳು ಮೇಲೆ ತಲುಪುತ್ತವೆ, ಉಳಿದವು ಅರ್ಧದಲ್ಲೇ ನಿಂತು ಕೆಳಗೆ ಇನ್ನೊಂದು ಪಟ್ಟಿಯಾಗುತ್ತವೆ. ಇಂಥ ಎಷ್ಟೋ ಮಕ್ಕಳಿಗೆ ಮೂರ್ಛೆರೋಗ ಬರುತ್ತದೆ. ನಾನು ಪಿಎಚ್‌ಡಿಗೆ ಈ ವಿಷಯ ಹಿಡಿದದ್ದೂ ಆ ಮಕ್ಕಳಿಗಾಗಿಯೇ.

ಮೌಸ್ ಎಂಬ ಚಿಕ್ಕ ಇಲಿಯಲ್ಲಿ ಈ ಜೀನನ್ನು ಪೂರ್ತಿ ತೆಗೆದರೂ ಹೊರಪದರ ಹೆಚ್ಚುಕಮ್ಮಿ ಸರಿಯಾಗಿಯೇ ಬೆಳೆಯುತ್ತದೆ. ಅದೇ ಕುಟುಂಬದ ಇನ್ನೊಂದು ಪ್ರೋಟೀನ್ ಆ ಜಾಗ ತುಂಬುತ್ತದೆ. ಆದರೆ ರ‍್ಯಾಟ್ ಎಂಬ ದೊಡ್ಡ ಇಲಿಯ ಭ್ರೂಣದಲ್ಲಿ ಕೆಲವೇ ಕೋಶಗಳಲ್ಲಿ ಇದನ್ನು ತಗ್ಗಿಸಿದರೆ ಮನುಷ್ಯರಲ್ಲಿ ಕಾಣುವಂಥ ಪಟ್ಟಿಯೇ ಬರುತ್ತದೆಂದು 2003ರಲ್ಲಿ ಅಮೆರಿಕದ ಒಂದು ತಂಡ ತೋರಿಸಿತ್ತು. ನಾನು ಆ ದಾರಿಯನ್ನೇ ಹಿಡಿದೆ. ಮೊದಲು ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ, ಆಮೇಲೆ ಉಳಿದದ್ದು.

ತಾಯಿ ಇಲಿಗೆ ಶಸ್ತ್ರಚಿಕಿತ್ಸೆ ಮಾಡುವುದು ಗರ್ಭದ 15 ಅಥವಾ 16ನೇ ದಿನ. ತಾಯಿಗೆ ಅರಿವಳಿಕೆ, ನೋವಿನ ಔಷಧಿ ಕೊಟ್ಟು, ಹೊಟ್ಟೆ ಸ್ವಲ್ಪವೇ ತೆರೆದು ಗರ್ಭಕೋಶವನ್ನು ಹೊರಗೆ ತರುತ್ತೇನೆ. ಅದು ಒಣಗಬಾರದು. ಬೆಚ್ಚಗಿನ ಸಲೈನ್ ಬಿಡುತ್ತಲೇ ಇರಬೇಕು. ಮಾಸು ಇರುವ ಕಡೆ ಬೆರಳು ಒತ್ತಬಾರದು. ಡಬಲ್‌ಕಾರ್ಟಿನ್ ತಗ್ಗಿಸುವ ಡಿಎನ್‌ಎ ಜೊತೆ ಫಾಸ್ಟ್ ಗ್ರೀನ್ ಬಣ್ಣ ಬೆರೆಸಿ, ಗಾಜಿನ ಸೂಜಿಯಲ್ಲಿ ಸುಮಾರು ಒಂದು ಮೈಕ್ರೋಲೀಟರ್ ಕುಹರಕ್ಕೆ ಬಿಡುತ್ತೇನೆ. ಸೂಜಿ ಸರಿಯಾದ ಜಾಗದಲ್ಲಿದ್ದರೆ ತಲೆಯೊಳಗೆ ಹಸಿರು ಬಣ್ಣ ಅರ್ಧಚಂದ್ರದಂತೆ ಸ್ಪಷ್ಟವಾಗಿ ಹರಡುತ್ತದೆ. ಸುಮ್ನೆ ಮಬ್ಬಾಗಿ ಹಬ್ಬಿದರೆ ಅದು ಕುಹರದ ಹೊರಗೆ ಹೋಗಿದೆ ಎಂದರ್ಥ. ಆ ಭ್ರೂಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆಮೇಲೆ ಇಕ್ಕಳದಂಥ ಎಲೆಕ್ಟ್ರೋಡ್‌ಗಳ ನಡುವೆ ತಲೆಯನ್ನು ಹಗುರವಾಗಿ ಹಿಡಿದು, ಡಿಎನ್‌ಎ ಕೋಶದೊಳಗೆ ಹೋಗಲೆಂದು 50 ವೋಲ್ಟ್‌ನ ಐದು ವಿದ್ಯುತ್ ಮಿಡಿತ, ಒಂದೊಂದೂ 50 ಮಿಲಿಸೆಕೆಂಡ್. ಡಿಎನ್‌ಎಗೆ ಋಣ ಆವೇಶ, ಹಾಗಾಗಿ ಅದು ಧನ ಎಲೆಕ್ಟ್ರೋಡ್ ಇರುವ ಕಡೆಗೇ ಸರಿಯುತ್ತದೆ. ಅದೇ ಮೆದುಳಿನ ಇನ್ನೊಂದು ಅರ್ಧ ಮುಟ್ಟದೆ ಉಳಿಯುತ್ತದೆ, ಹೋಲಿಸಲು ಅದಕ್ಕಿಂತ ಒಳ್ಳೆಯದು ಬೇರೆ ಸಿಗದು. ಹೊಲಿಗೆ ಹಾಕಿ ತಾಯಿಯನ್ನು ಬೆಚ್ಚಗಿಟ್ಟು, ನಾಲ್ಕು ದಿನ ಬಿಟ್ಟು ಮೆದುಳು ತೆಗೆದು ತೆಳುವಾಗಿ ಕತ್ತರಿಸಿ ನೋಡುತ್ತೇನೆ.

ಡಿಎನ್‌ಎ ಸೇರಿದ ಕೋಶಗಳು ಜಿಎಫ್‌ಪಿ ಎಂಬ ಹೊಳೆಯುವ ಪ್ರೋಟೀನಿನಿಂದ ಹಸಿರಾಗಿ ಹೊಳೆಯುತ್ತವೆ. ಸಾಮಾನ್ಯ ಕೋಶಗಳು ಉದ್ದಕ್ಕೆ, ಮುಂದೊಂದು ಬಾಲ ಹಿಂದೊಂದು ಬಾಲ ಇಟ್ಟುಕೊಂಡು ಮೇಲೆ ಸಾಲಾಗಿ ಕೂತಿರುತ್ತವೆ. ಡಬಲ್‌ಕಾರ್ಟಿನ್ ತಗ್ಗಿದ ಕೋಶಗಳು ಕೆಳಗಿನ ವಲಯದಲ್ಲೇ ಗುಂಪುಗೂಡಿ, ಎಲ್ಲ ದಿಕ್ಕಿಗೂ ಕವಲು ಚಾಚಿ ನಿಂತಿರುತ್ತವೆ. ವಲಸೆ ಹೋಗುವ ಕೋಶ ಮೊದಲು ಹೀಗೇ ಬಹುಕವಲಿನ ರೂಪದಲ್ಲಿರುತ್ತದೆ. ಅಲ್ಲಿಂದ ನೀಳವಾದ ರೂಪಕ್ಕೆ ಬದಲಾದ ಮೇಲೆಯೇ ಹತ್ತುವುದು. ನನ್ನ ಸ್ಲೈಡುಗಳಲ್ಲಿ ಕೋಶಗಳು ಸಿಕ್ಕಿಬಿದ್ದಿದ್ದು ಇದೇ ತಿರುವಿನಲ್ಲಿ.

ಆದರೆ ಈ ಚಿತ್ರವೊಂದನ್ನೇ ನಂಬಬೇಡಿ. ಜೀನನ್ನು ತಗ್ಗಿಸಲು ಆ ಡಿಎನ್‌ಎಯಿಂದ ತಯಾರಾಗುವ ಹೇರ್‌ಪಿನ್ ಆರ್‌ಎನ್‌ಎ (ಮಡಚಿಕೊಂಡ ಚಿಕ್ಕ ಆರ್‌ಎನ್‌ಎ), ಜೀನ್‌ಗಳನ್ನು ಹತೋಟಿಯಲ್ಲಿಡುವ ಕೋಶದ ಸ್ವಂತ ಮೈಕ್ರೋಆರ್‌ಎನ್‌ಎ ವ್ಯವಸ್ಥೆಯನ್ನೇ ಕದಡಿ ವಲಸೆ ನಿಲ್ಲಿಸಬಹುದು. 2014ರಲ್ಲಿ ಇದನ್ನು ತೋರಿಸಿದ್ದೂ ಡಬಲ್‌ಕಾರ್ಟಿನ್ ಕುಟುಂಬದ ಮೇಲಿನ ಪ್ರಯೋಗದಲ್ಲೇ. ಅದಕ್ಕೇ ನನ್ನ ಹೇರ್‌ಪಿನ್ ಹಿಡಿಯುವುದು ಜೀನಿನ ಸಂದೇಶದಲ್ಲಿ ಪ್ರೋಟೀನ್ ಆಗದ ಬಾಲದ ಭಾಗವನ್ನು. ಆ ಬಾಲವಿಲ್ಲದ, ಹಾಗಾಗಿ ಹೇರ್‌ಪಿನ್‌ಗೆ ಸಿಗದ ಡಬಲ್‌ಕಾರ್ಟಿನ್ ಅನ್ನು ಜೊತೆಗೇ ಕೊಟ್ಟಾಗ ಕೋಶಗಳು ಮತ್ತೆ ಮೇಲಕ್ಕೆ ಹತ್ತಬೇಕು. ಹತ್ತಿದವು. ಆ ಸ್ಲೈಡ್ ನೋಡಿದ ಮೇಲೆಯೇ ನಾನು ಮಾರ್ಗದರ್ಶಕರ ಮುಂದೆ ಬಾಯಿಬಿಟ್ಟದ್ದು. ಈ ಕೆಲಸ ಶುರು ಮಾಡುವವರು ಮೊದಲ ಶಸ್ತ್ರಚಿಕಿತ್ಸೆಗೂ ಮುಂಚೆ ಆ ಬಾಲವಿಲ್ಲದ ಡಬಲ್‌ಕಾರ್ಟಿನ್‌ನ ಪ್ಲಾಸ್ಮಿಡ್ (ಜೀನನ್ನು ಹೊತ್ತೊಯ್ಯುವ ಉಂಗುರದಂಥ ಡಿಎನ್‌ಎ) ತಯಾರಿಟ್ಟುಕೊಳ್ಳಿ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಹಿಡಿದಿಟ್ಟಿದೆ. ರ‍್ಯಾಟ್ ಮರಿ ಹುಟ್ಟಿದ ಮೇಲೆ ಡಬಲ್‌ಕಾರ್ಟಿನ್ ಮರಳಿ ಕೊಟ್ಟರೆ ನಿಂತ ಕೋಶಗಳು ಮತ್ತೆ ಹೊರಟು ಪಟ್ಟಿ ಚಿಕ್ಕದಾಗುತ್ತದೆ, ಸೆಳೆತಕ್ಕೆ ಸುಲಭವಾಗಿ ಒಳಗಾಗುವುದೂ ಕಡಿಮೆಯಾಗುತ್ತದೆ ಎಂದು 2009ರಲ್ಲಿ ಪ್ರಕಟವಾಯಿತು. ಮನುಷ್ಯರಲ್ಲಿ ಹೊರಪದರದ ಈ ವಲಸೆ ಬಹುಪಾಲು ಹುಟ್ಟುವ ಮೊದಲೇ ಮುಗಿದಿರುತ್ತದೆ. ಹಾಗಾಗಿ ನಿಂತ ಕೋಶ ಎಷ್ಟು ಕಾಲ ಹೊರಡುವ ಶಕ್ತಿ ಉಳಿಸಿಕೊಂಡಿರುತ್ತದೆ ಎಂದು ತಿಳಿಯಬೇಕು. ಟಮಾಕ್ಸಿಫೆನ್ ಎಂಬ ಔಷಧಿ ಕೊಟ್ಟಾಗ ಮಾತ್ರ ಚಾಲೂ ಆಗುವ ಜೀನ್ ಹಾಕಿ, ಬೇರೆ ಬೇರೆ ವಯಸ್ಸಿನ ಮರಿಗಳಲ್ಲಿ ಈಗ ಅದನ್ನೇ ನೋಡುತ್ತಿದ್ದೇನೆ.